ಟೊಪ್ಪಿಗೆ ಹಾಕಿದ ಕಸ

ಆ ಸುಳ್ಳು ಹೇಳುವ ಅಗತ್ಯವೇ ರಘುವೀರನಿಗಿರಲಿಲ್ಲ. ಆದರೆ ಎಮ್ಮೆಸ್ಸಿ ಓದಿದವನು ನೋಡಿ, ಹತ್ತಿಮತ್ತೂರಿನವರೆಲ್ಲ ದಡ್ಡರೆಂದು ಅವನಿಗೆ ಖಾತ್ರಿಯಾಗಿತ್ತು.

ಅಲ್ಲಿನ ಬೀಜದ ಕಂಪನಿಯ ಹೊಲದಲ್ಲಿ ಈ ಮಹಾಶಯ ಏಳು ವರ್ಷ ಗೋವಿನಜೋಳದ ಎರಡು ತಳಿಗಳನ್ನು ಬೇರೆ ಪರಾಗ ಸೋಂಕದಂತೆ ಕಾಗದದ ಟೊಪ್ಪಿಗೆ ಹಾಕಿ ಬೆಳೆಸಿದ್ದ. ವರ್ಷದಿಂದ ವರ್ಷಕ್ಕೆ ಅವು ಸೊರಗಿ ಸೊಂಟದೆತ್ತರದ ನರಪೇತಲಗಳಾಗಿದ್ದವು. ಆ ಎರಡನ್ನೂ ಕೂಡಿಸಿದಾಗ ಹುಟ್ಟಿದ ಮಕ್ಕಳು ಮಾತ್ರ ಆಳೆತ್ತರ, ಮೊಳದುದ್ದ ತೆನೆ. ಆ ನರಪೇತಲ ಅಪ್ಪ-ಅಮ್ಮನನ್ನು ಯಾರಾದರೂ ಕದ್ದಾರೆಂದು ಇವನಿಗೆ ಹೆದರಿಕೆ. ಕದಿಯುವುದಿರಲಿ, ಅವನ್ನು ಯಾರೂ ದನಕ್ಕೂ ಹಾಕುತ್ತಿರಲಿಲ್ಲ.

ಪಕ್ಕದ ಹೊಲದ ಖಾದರಸಾಬ ಒಮ್ಮೆ ಕೇಳಿದ್ದ: "ಈ ಕುಳ್ಳ ಸಾಲು ಏನ್ರಿ?"

"ಅವಾ? ಬರೇ ಕಸ."

"ಕಸಕ್ಕ ಯಾರರ ಟೊಪ್ಪಿಗಿ ಹಾಕ್ತಾರೇನ್ರಿ?"

"ನಿಮಗ ತಿಳಿಯೂದಿಲ್ಲ, ಬಿಡ್ರಿ."

ಆಳು ಶಂಕ್ರವ್ವ ಎಲ್ಲ ಕೇಳಿಸಿಕೊಂಡಿದ್ದಳು.

ಇಂದು ಕಂಪನಿಯ ದೊಡ್ಡ ಸಾಹೇಬರು ಎತ್ತರದ ಬೆಳೆ ನೋಡಲು ಬರುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ. ಅವರನ್ನು ಕರೆತರಲು ಶಿಗ್ಗಾಂವಿಗೆ ಹೊರಟ ರಘುವೀರ ಗತ್ತಿನಿಂದ ಕೂಗಿದ: "ಶಂಕ್ರವ್ವ, ನಾ ಬರೂದರಾಗ ಹೊಲದಾಗ ಒಂದ ಕಡ್ಡಿ ಕಸ ಇರಬಾರದು!"

"ಚಿಂತಿ ಬಿಡ್ರಿ."

ಮರಳಿ ಬರುವಾಗ, ಕಾರು ಸವಣೂರು ದಾಟುತ್ತಿದ್ದಂತೆ, ತಾನು ಕಸವೆಂದದ್ದು ಯಾವುದಕ್ಕೆ ಎಂಬುದು ಅವನಿಗೆ ನೆನಪಾಯಿತು. ಖಾದರಸಾಬನಿಗೆ ಫೋನು ಹಚ್ಚಿದ.

"ಶಂಕ್ರವ್ವ ಏನ ಮಾಡಾಕತ್ತಾಳ್ರಿ?"

"ಕುಡಗೋಲ ಹಿಡದು ಭಾರಿ ಜೋರ ಕೊಯ್ಯಾಕತ್ತಾಳ್ರಿ!"

"ನಿಲ್ಲಸ್ರಿ ಆಕಿನ್ನ!"

"ನನ್ನ ಮಾತ ಕೇಳ್ತಾಳೇನ್ರಿ? ನೀವ ಹೇಳೀರಂತಲ್ಲ."

ಹೊಲ ಬಂದದ್ದೇ ತಡ, ಸಾಹೇಬರನ್ನು ಕಾರಿನಲ್ಲೇ ಬಿಟ್ಟು ಓಡಿದ. ಕುಳ್ಳ ಸಾಲುಗಳು ಟೊಪ್ಪಿಗೆ ಸಮೇತ ಸುರಕ್ಷಿತವಾಗಿ ನಿಂತಿದ್ದವು! ಅವನಿಗೆ ಅಳುವೇ ಬಂತು. ಆಮೇಲೆ ಆಚೆ ನೋಡಿದ. ಎತ್ತರದ ಒಂದು ಗಿಡವೂ ಇರಲಿಲ್ಲ. ಖಾದರಸಾಬನ ಎಮ್ಮೆಗಳು ಕಣ್ಣು ಮುಚ್ಚಿ ಮೆಲ್ಲುತ್ತಿದ್ದವು.

"ಎತ್ತರದ್ದು ಎಲ್ಲಿ?"

ಶಂಕ್ರವ್ವ ಹತ್ತಿರ ಬಂದು ಪಿಸುಗುಟ್ಟಿದಳು: "ಕುಳ್ಳದ್ದು ಕಸ ಅಂದ್ರಿ. ಕೂಸಿಗೆ ಹಾಕಿದಂಗ ಅದಕ್ಕ ಟೊಪ್ಪಿಗಿ ಹಾಕಿ ಜ್ವಾಕಿ ಮಾಡ್ತಿದ್ರಿ. ನೀವು ಹೇಳಿದ್ದು ಸುಳ್ಳಂತ ನನಗ ಅವತ್ತ ತಿಳೀತು. ಎತ್ತರದ್ದಕ್ಕ ಒಂದರ ಟೊಪ್ಪಿಗಿ ಇತ್ತೇನ್ರಿ? ಅಂದಮ್ಯಾಲೆ ಕಸ ಯಾವುದು? ಒಂದೂ ಉಳಿಸಿಲ್ಲ. ಯಾರಿಗೂ ಹೇಳೂದಿಲ್ಲ, ನಿಮ್ಮ ಗುಟ್ಟು ನನ್ನ ಹೊಟ್ಯಾಗ ಇರತೈತಿ."

ಅಷ್ಟರಲ್ಲಿ ಸಾಹೇಬರು ಬಂದು ಕನ್ನಡಕ ಒರೆಸಿಕೊಂಡು ನೋಡಿದರು. "ಏನ್ರೀ ರಘುವೀರ, ಏಳು ವರ್ಷ ಮಾಡಿದ್ದು ಇದೇನಾ?"

ಯಜಮಾನನ ಗುಟ್ಟು ಕಾಯಲು ಶಂಕ್ರವ್ವನೇ ಮುಂದೆ ಬಂದಳು.

"ಅಯ್ಯ, ಅದನ್ನೇನ ನೋಡ್ತೀರಿ ಸಾಹೇಬ್ರ? ಬರೇ ಕಸಾರೀ!"