ರೇಣುಕಪ್ಪನ ಇಡೀ ಕಲ್ಲು

ತೊಂದರೆ ಶುರುವಾದದ್ದು ದತ್ತಮೂರ್ತಿ ಭಟ್ಟರ ನಶ್ಯದ ಡಬ್ಬಿಯಿಂದ. ಇಪ್ಪತ್ತು ವರ್ಷದ ಹಿಂದೆ ಅವರ ಪಕ್ಕೆ ಕೊಯ್ದು ತೆಗೆದ ಮೂತ್ರಪಿಂಡದ ಕಲ್ಲು ಅದರಲ್ಲಿತ್ತು. ಶೃಂಗೇರಿಯ ರೇಣುಕಪ್ಪನ ಗಿರಣಿಗೆ ಬಂದವರು, ಹಿಟ್ಟಾಗುವ ತನಕ ಆ ಹುಣಿಸೆಬೀಜದ ಗಾತ್ರದ ಕಲ್ಲಿನ ದರ್ಶನ ಮಾಡಲೇಬೇಕು. ಭಟ್ಟರು ಪ್ರತಿ ಗುರುವಾರ ಕಿಗ್ಗದಿಂದ ಗೋಧಿ ಹೊತ್ತು ತರುವುದೇ ಅದಕ್ಕೆಂದು ರೇಣುಕಪ್ಪನ ಗುಮಾನಿ. ತನ್ನದೇ ಗಿರಣಿಯಲ್ಲಿ ತನ್ನನ್ನು ಕೇಳುವವರಿಲ್ಲವಲ್ಲ ಎಂದು ಅವನಿಗೆ ಹೊಟ್ಟೆಯುರಿ.

ಹಾಗಾಗಿ, ಎರಡು ಸಾವಿರದ ಮೂರನೇ ಇಸವಿಯಲ್ಲಿ ಅವನಿಗೇ ಸೊಂಟನೋವು ಬಂದು, ಶಿವಮೊಗ್ಗದ ಡಾಕ್ಟರು ಸ್ಕ್ಯಾನಿಂಗ್ ನೋಡಿ "ಕಲ್ಲು ದೊಡ್ಡದಿದೆ, ಮೂರು ಸೆಂಟಿಮೀಟರ್" ಎಂದಾಗ, ನೋವಿನ ನಡುವೆಯೂ ಅವನ ಮುಖ ಅರಳಿತು.

"ಬೆನ್ನಲ್ಲಿ ಸಣ್ಣ ತೂತು ಮಾಡಿ, ಒಳಗೇ ಪುಡಿ ಮಾಡಿ ತೆಗೀತೀವಿ. ಮೂರ್ನಾಲ್ಕು ದಿನಕ್ಕೆ ಮನೆಗೆ ಹೋಗಬಹುದು."

"ಪುಡಿ ಮಾಡಿದ್ರೆ ನಾಲ್ಕು ಜನಕ್ಕೆ ತೋರ್ಸೋದೆಂತ ಸಾರ್? ನಂಗೆ ಇಡೀ ಕಲ್ಲೇ ಬೇಕು."

"ಹಾಗಾದ್ರೆ ಪಕ್ಕೆ ಕೊಯ್ಯಬೇಕು. ಗಾಯ ದೊಡ್ಡದು, ಎರಡು ತಿಂಗಳು ಭಾರ ಎತ್ತೋ ಹಾಗಿಲ್ಲ. ಯಾಕ್ರೀ ಬೇಕು ನಿಮಗೆ?"

"ತೂತೇ ಸಾಕು ಮಾರಾಯ್ರೆ," ಎಂದು ಹೆಂಡತಿ ಸುಲೋಚನಮ್ಮ ಕೈ ಮುಗಿದಳು. ರೇಣುಕಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಒಂದೂವರೆ ತಿಂಗಳು ಮಂಚ ಹಿಡಿದಿದ್ದವನು, ಹದಿನಾರು ಹೊಲಿಗೆ ಬಿದ್ದ ಪಕ್ಕೆಯನ್ನು ಒತ್ತಿಕೊಂಡು ಒಂದು ಗುರುವಾರ ಗಿರಣಿಗೆ ಬಂದ. ಜೇಬಿನ ಬಾಟಲಿಯಲ್ಲಿ ಅಡಿಕೆಯಷ್ಟು ದಪ್ಪದ ಕಲ್ಲು. ಭಟ್ಟರು ಆಗಲೇ ಬಂದಿದ್ದರು. ಸುಲೋಚನಮ್ಮ ಅವರ ಗೋಧಿ ಸುರಿದು ಮೋಟಾರು ಹಾಕಿದ್ದಳು.

"ಬಾಳೆದಿಂಡಿನ ರಸ ಕುಡಿದಿದ್ರೆ ಕರಗಿ ಹೋಗ್ತಿತ್ತಪ್ಪ," ಎಂದ ರಾಗಿ ತಂದಿದ್ದ ಗೋವಿಂದ.

"ಕರಗೋ ಕಲ್ಲಲ್ಲ ಇದು," ಎಂದು ರೇಣುಕಪ್ಪ ಬಾಟಲಿಯಿಂದ ಕಲ್ಲು ತೆಗೆದ. ಗಿರಣಿಯಲ್ಲಿದ್ದವರೆಲ್ಲ ಅವನ ಸುತ್ತ ಸೇರಿದರು. ಜನ್ಮ ಸಾರ್ಥಕವಾಯಿತು ಅನ್ನಿಸಿತು ಅವನಿಗೆ.

ಬೀಸುವ ಯಂತ್ರದ ಆಚೆ ಬದಿ ನಿಂತಿದ್ದ ಭಟ್ಟರು ತಮ್ಮ ಕಲ್ಲನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. "ದೂರದಿಂದ ಎಲ್ಲಾ ದೊಡ್ಡದೇ ಕಾಣ್ತದೆ. ಪಕ್ಕದಲ್ಲಿ ಹಿಡಿ ನೋಡುವ."

ರೇಣುಕಪ್ಪ ಗೋಧಿ ಸುರಿಯುವ ಬಾಯಿಯ ಮೇಲಿಂದ ಕೈ ಚಾಚಿದ. ಅಳತೆಯ ಮಾತೇ ಇರಲಿಲ್ಲ. ಭಟ್ಟರದ್ದು ಅದರ ಮುಂದೆ ಕೂಸಿನಂತಿತ್ತು. ಆದರೆ ತಾನೂ ರಾಗಿ ತಂದು ಸರದಿಗೆ ಕಾಯುತ್ತಿದ್ದ ಸೀತಕ್ಕನ ಗಮನ ಕಲ್ಲಿನ ಮೇಲಿರಲಿಲ್ಲ.

"ಇಲ್ಲೇನಾ ಕೊಯ್ದಿದ್ದು?" ಎಂದು ಅವಳು ಹಿಂದಿನಿಂದ ಪಕ್ಕೆಗೆ ಬೆರಳು ಒತ್ತಿದಳು.

ರೇಣುಕಪ್ಪ ಅಯ್ಯಯ್ಯೋ ಎಂದು ಹಾರಿದ. ಕಲ್ಲು ಗೋಧಿಯೊಳಗೆ ಬಿತ್ತು. ಸುಲೋಚನಮ್ಮ ಓಡಿಹೋಗಿ ಮೋಟಾರು ನಿಲ್ಲಿಸುವಷ್ಟರಲ್ಲಿ ಗಿರಣಿ ಒಮ್ಮೆ ಕೆಮ್ಮಿ, ಕಟಕಟ ಎಂದು, ಮತ್ತೆ ಸರಾಗವಾಗಿ ತಿರುಗತೊಡಗಿತ್ತು. ಕೆಳಗಿನ ಚೀಲಕ್ಕೆ ಬೆಚ್ಚಗೆ ಹಿಟ್ಟು ಉದುರಿತು.

"ನನ್ನ ಗೋಧಿ ಹಾಳು ಮಾಡಿದ್ಯಲ್ಲ ಮಾರಾಯ," ಎಂದರು ಭಟ್ಟರು.

ಸುಲೋಚನಮ್ಮ ಚೀಲದಿಂದ ಚಿಟಿಕೆ ಹಿಟ್ಟು ತೆಗೆದು ಗಂಡನ ಮುಂದೆ ಹಿಡಿದಳು. "ಡಾಕ್ಟ್ರು ಮಾಡ್ತೀನಿ ಅಂದಿದ್ದೂ ಇದನ್ನೇ ಅಲ್ವಾ?"

ರೇಣುಕಪ್ಪ ಪಕ್ಕೆ ಹಿಡಿದುಕೊಂಡು ಮೂಟೆಯ ಮೇಲೆ ಕುಸಿದ. ಅವನಿಗೆ ಅಳುವೇ ಬಂತು.

"ಹೋಗ್ಲಿ ಬಿಡಿ ಭಟ್ರೇ," ಎಂದಳು ಸೀತಕ್ಕ, "ನನ್ನ ರಾಗಿ ಆಗೋ ತನಕ ನಿಮ್ದನ್ನೇ ಇನ್ನೊಂದ್ಸಲ ತೋರ್ಸಿ."