ಕೆಸರು ಟ್ರಕ್ಕಿನ ಗ್ರಹಗತಿ

ಈ ಸಲ ನನ್ನ ಟ್ರಕ್ಕಿನ ಆಕ್ಸಲ್ ಮುರಿದರೆ ಅಲ್ಸೀಡ್ ಎಂಬ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಗಂಬೋ ಸಾರು ಹಾರಿ ಹೆಂಡತಿಯ ತೋಳಿನ ಮೇಲೆ ಬಿತ್ತು.

"ಹೆಸರು ಹಾಗಿರ್ಲಿ," ಎಂದಳು ಅರ್ಲೀನ್, ತೋಳು ಒರೆಸಿಕೊಳ್ಳುತ್ತ. "ಟ್ರಕ್ಕು ನಮ್ಮಪ್ಪಂದು. ಆರು ವರ್ಷದಿಂದ ಚರ್ಚಿನ ಕೆಸರುಗುಂಡಿ ದಾಟೋ ಪಂದ್ಯದಲ್ಲಿ ನೀನು ಅದನ್ನ ಗುಂಡಿಲಿ ಹೂಳ್ತೀಯ, ನನ್ನ ತಮ್ಮ ಟ್ರ್ಯಾಕ್ಟರ್ ತಂದು ಎಳೀತಾನೆ. ಈ ಸಲಾನೂ ಆಚೆ ದಡ ಮುಟ್ಟಲಿಲ್ಲ ಅಂದ್ರೆ ಎಲ್ಲಾ ಬಿಚ್ಚಿ, ಹಳೇ ಚಕ್ರ ಹಾಕಿ, ನಾನು ಹಿಡಿಯೋ ಕ್ರಾಫಿಶ್ ಸೀಗಡಿ ಮೂಟೆ ಹೊರೋಕೆ ಹಾಕ್ಕೋತೀನಿ."

ಮನೆ ಮಾರುತ್ತೇನೆ ಎಂದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹೀಗೆ ಶುರುವಾಯಿತು ಆಕ್ಸಲ್ ಅನ್ವೇಷಣೆ. ಮಾಮೂಲಿಯದು ಬೇಡ, ಗ್ರಹಚಕ್ರದ್ದೇ ಬೇಕು. ಅದರಲ್ಲಿ ಪ್ರತಿ ಚಕ್ರದ ನಟ್ಟನಡುವಿನ ಗುಂಬದೊಳಗೂ ಸೂರ್ಯನೆಂಬ ಹಲ್ಲುಚಕ್ರ, ಸುತ್ತ ಗ್ರಹಗಳೆಂಬ ಮೂರು ಹಲ್ಲುಚಕ್ರ. ಬಲವೆಲ್ಲ ಅಲ್ಲೇ ಹುಟ್ಟುವುದರಿಂದ ಒಳಗಿನ ದಂಡಕ್ಕೆ ಆಯಾಸವೇ ಇಲ್ಲ. ದಕ್ಷಿಣ ಲೂಸಿಯಾನಾದ ಗುಜರಿ ಅಂಗಡಿಗಳನ್ನೆಲ್ಲ ಹೆಣ್ಣು ನೋಡಲು ಹೊರಟವನ ಗತ್ತಿನಲ್ಲಿ ಸುತ್ತಿದೆ. ಮೊದಲು ಸಿಕ್ಕಿದ್ದು ಕಸದ ಲಾರಿಯದು. ಅಳತೆ ಸರಿ, ಹಲ್ಲು ಸರಿ, ಜೊತೆಗೆ ಇಪ್ಪತ್ತು ವರ್ಷದ ಸೀಗಡಿ ಸಿಪ್ಪೆಯ ವಾಸನೆ. ಅದನ್ನು ಮುಟ್ಟಿ ನೋಡಿ ಬಂದದ್ದಕ್ಕೇ ಅರ್ಲೀನ್ ಎರಡು ದಿನ ನನ್ನನ್ನು ವರಾಂಡದಲ್ಲಿ ಮಲಗಿಸಿದಳು. ಆಮೇಲೆ ಕ್ರೇನಿನದು, ಅದನ್ನು ಹಾಕಿದರೆ ಟ್ರಕ್ಕು ನಮ್ಮ ಗೇಟಿನೊಳಗೆ ಹಿಡಿಯುತ್ತಿರಲಿಲ್ಲ. ಕೊನೆಗೆ ಕಬ್ಬು ತುಂಬುವ ಹಳೇ ಯಂತ್ರದ ಜೋಡಿ ಸಿಕ್ಕಿತು. ಒಂದೊಂದೂ ಒಂದು ಟನ್ನಿಗೆ ಮೇಲೆ! ಕಂಡೊಡನೆ ನನಗೆ ಕಣ್ಣು ತುಂಬಿ ಬಂತು. ನಮ್ಮ ಮದುವೆಯ ದಿನವೂ ಹಾಗೆ ಬಂದಿರಲಿಲ್ಲ ಎಂದು ಅರ್ಲೀನ್ ಇಂದಿಗೂ ಹೇಳುತ್ತಾಳೆ.

ಒಂದೇ ತೊಡಕು. ಎಂಜಿನ್ನಿನ ದಂಡ ಬಂದು ಸೇರುವ ಮೂತಿ ಅದರಲ್ಲಿ ತೀರ ಕೆಳಗಿತ್ತು. ಗುಂಡಿಗೆ ಇಳಿದರೆ ಅದು ಕೆಸರನ್ನು ನೇಗಿಲಿನಂತೆ ಉಳುತ್ತಿತ್ತು. ಬೇರೆ ಯಾರಾದರೂ ಕೈಚೆಲ್ಲಿ ಕೂರುತ್ತಿದ್ದರು. ನಾನು ಎರಡೂ ಆಕ್ಸಲ್ಲನ್ನು ತಲೆಕೆಳಗು ಮಾಡಿ ಕೂರಿಸಿಬಿಟ್ಟೆ.

"ಉಲ್ಟಾ ಹಾಕಿದ್ರೆ ಏನೂ ಆಗಲ್ವಾ?" ಎಂದಳು ಅರ್ಲೀನ್.

"ಗುಂಡಗಿರೋದಕ್ಕೆ ಉಲ್ಟಾ ಯಾವುದು, ಸೀದಾ ಯಾವುದು?" ಎಂದೆ.

ಟ್ರಕ್ಕನ್ನು ಜಾಕಿಗಳ ಮೇಲೆ ನಿಲ್ಲಿಸಿ, ಒಂದನೇ ಗೇರು ಹಾಕಿ ಎಂಜಿನ್ ಗುಡುಗಿಸಿದೆ. ಆಳೆತ್ತರದ ನಾಲ್ಕು ಚಕ್ರ ಗಾಳಿಯಲ್ಲಿ ಗಿರಗಿರ ತಿರುಗಿದವು.

"ಅಲ್ಸೀಡ್, ಚಕ್ರ ಹಿಂದಕ್ಕೆ ತಿರುಗ್ತಿರೋ ಹಾಗಿದೆ."

"ಜೋರಾಗಿ ತಿರುಗೋ ಚಕ್ರ ಕಣ್ಣಿಗೆ ಹಾಗೇ ಕಾಣೋದು. ಸಿನಿಮಾದಲ್ಲಿ ಕುದುರೆ ಗಾಡಿ ಚಕ್ರ ನೋಡಿಲ್ವಾ? ಅದು ವಿಜ್ಞಾನ."

ಅವಳು ಬಟ್ಟೆ ಒಣಹಾಕಲು ಹೋದಳು.

ಪಂದ್ಯದ ಭಾನುವಾರ ಅವಳ ತಮ್ಮ ರೆಮಿ ಟ್ರಕ್ಕನ್ನು ಟ್ರೇಲರಿನ ಮೇಲೆ ಎಳೆದು ತಂದು ಗುಂಡಿಯ ಮುಂದೆ ಇಳಿಸಿಕೊಟ್ಟ. ಎದುರಿಗೆ ನೂರು ಗಜ ಕೆಸರು. ಬೆನ್ನ ಹಿಂದೆ ಚರ್ಚಿನ ಅಡುಗೆ ಡೇರೆ, ಅದರ ಅಂಚಿನ ತೊಟ್ಟಿಗಳಲ್ಲಿ ಜೀವಂತ ಕ್ರಾಫಿಶ್. ಅರ್ಲೀನ್ ಪಕ್ಕದಲ್ಲಿ ಕುಳಿತು ಬೆಲ್ಟ್ ಬಿಗಿದುಕೊಂಡಳು. ಬಾವುಟ ಬಿತ್ತು. ನಾನು ಜನಕ್ಕೆ ಕೈಬೀಸಿ ಪೆಡಲ್ ತುಳಿದೆ.

ಗುಂಡಿ ದೂರ ಹೋಗತೊಡಗಿತು! ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಡೇರೆಯ ಬಟ್ಟೆ ಹಿಂದಿನ ಗಾಜಿಗೆ ಬಂದು ಮುಚ್ಚಿಕೊಂಡಿತು, ತೊಟ್ಟಿಗಳು ಧಡಾಲನೆ ಮಗುಚಿದವು. ಟ್ರಕ್ಕು ನಿಂತಾಗ ಮುನ್ನೂರು ಕಿಲೋ ಕ್ರಾಫಿಶ್ ಇಕ್ಕಳ ಎತ್ತಿಕೊಂಡು ಹುಲ್ಲಿನ ಮೇಲೆ ಹೊರಟಿತ್ತು. ಏಪ್ರನ್ ಕಟ್ಟಿದ್ದ ಫಾದರ್ ಥೆರಿಯೋ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮಗನೇ, ಗುಂಡಿ ಆ ಕಡೆ ಇದೆ."

ಆಗ ನನಗೆ ಹೊಳೆಯಿತು. ತಲೆಕೆಳಗು ಮಾಡಿದ ಆಕ್ಸಲ್ ತಿರುಗುವುದೂ ತಿರುಗುಮುರುಗು. ನನ್ನ ಟ್ರಕ್ಕಿಗೆ ಈಗ ಹಿಂದಕ್ಕೆ ಐದು ಗೇರು, ಮುಂದಕ್ಕೆ ಒಂದೇ ಒಂದು, ಅದೂ ಮುದುಕರ ನಡಿಗೆಯದು. ಅಷ್ಟರಲ್ಲಿ ರೆಮಿ ಹಲ್ಲು ಕಿಸಿಯುತ್ತ ಟ್ರ್ಯಾಕ್ಟರ್ ಕಡೆ ನಡೆದಿದ್ದ. ನನಗೆ ಅಳುವೇ ಬಂತು.

"ಆಚೆ ಸರಿ," ಎಂದಳು ಅರ್ಲೀನ್.

ದಿನಾ ಬೆಳಿಗ್ಗೆ ದೋಣಿ ಹೊತ್ತ ಟ್ರೇಲರನ್ನು ಹಿಮ್ಮುಖವಾಗಿ ನೀರಿಗೆ ಇಳಿಸುವವಳು ಅವಳು. ನಾನು ಇಳಿಸಿದಾಗಲೆಲ್ಲ ಅದು ಪಕ್ಕದವರ ದೋಣಿಯ ಮೇಲೆ ಹತ್ತಿದೆ. ಸ್ಟೇರಿಂಗ್ ಹಿಡಿದವಳೇ ಟ್ರಕ್ಕನ್ನು ತಿರುಗಿಸಿ ಅದರ ಬಾಲವನ್ನು ಗುಂಡಿಗೆ ಕೊಟ್ಟಳು. ನನ್ನ ಸೀಟಿನ ಬೆನ್ನಿಗೆ ಒಂದು ಕೈ ಹಾಕಿ ಹಿಂದಿನ ಗಾಜಿನಲ್ಲಿ ನೋಡುತ್ತ ಒಂದನೇ ಗೇರು, ಎರಡನೇ ಗೇರು, ಮೂರು. ನಡುಗುಂಡಿಯಲ್ಲಿ ಕೆಸರು ಬಾಗಿಲಿನವರೆಗೆ ಬಂತು. ಆಕ್ಸಲ್ ಕಿಮಕ್ ಅನ್ನಲಿಲ್ಲ. ಏಳನೇ ವರ್ಷ ನಾನು ಮೊದಲ ಸಲ ಆಚೆ ದಡ ಮುಟ್ಟಿದೆ, ಬೆನ್ನು ಮುಂದು ಮಾಡಿಕೊಂಡು.

ಜನ ಕೇಕೆ ಹಾಕುತ್ತಿದ್ದರು. ನಾನು ಅಂಜುತ್ತಲೇ ಕೇಳಿದೆ: "ಹಾಗಾದ್ರೆ ಬಿಚ್ಚೋದಿಲ್ಲ ಅಲ್ವಾ?"

"ಯಾಕೆ ಬಿಚ್ಚಲಿ? ಆಕ್ಸಲ್ ಚೆನ್ನಾಗೇ ಆರಿಸಿದೀಯ," ಎಂದಳು, ಸ್ಟೇರಿಂಗಿನಿಂದ ಕೈ ತೆಗೆಯದೆ. "ಆರು ವರ್ಷದಿಂದ ಬದಲಾಯಿಸಬೇಕಾಗಿದ್ದು ಡ್ರೈವರನ್ನ. ಇವತ್ತು ಬದಲಾಯಿಸಿದೀನಿ. ಇಳಿ, ಹೋಗಿ ಕ್ರಾಫಿಶ್ ಹಿಡಿ."