ನೆಗಮಂ ಪಿಸುಮಾತು

ಪಿಸುಮಾತು ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆಂದು ನಾನು ನಂಬಿಕೊಂಡಿದ್ದೆ, ಆಕಳಿಕೆ ಬರುವ ಹಾಗೆ. ಅದು ನನಗೆ ಬರುವುದಿಲ್ಲವೆಂದು ತಿಳಿದದ್ದು ತಲೆಯೆಲ್ಲ ನರೆತ ಮೇಲೆ, ಅದೂ ಮಗಳ ಮದುವೆಯ ಮಾತುಕತೆಯ ನಡುವೆ. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ನಾವು ತಮಿಳುನಾಡಿನ ನೆಗಮಂ ಊರಿನಲ್ಲಿ ಸೀರೆ ನೆಯ್ಯುವ ಕೈಮಗ್ಗದವರು. ನಡುಮನೆಯಲ್ಲಿ ಎರಡು ಮಗ್ಗ, ಅಡಿಗೆಮನೆಯ ಪಕ್ಕ ಒಂದು. ಬೆಳಗಾದರೆ ಲಟಕ್ ಲಟಕ್ ಸದ್ದು. ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ರುಕ್ಮಿಣಿಯ ಕಿವಿಯಲ್ಲಿ ನಾನು ಗುಟ್ಟಾಗಿ ಹೇಳಿದ ಪ್ರೀತಿಯ ಮಾತನ್ನು ಎದುರುಮನೆಯ ತಮಿಳು ಅಜ್ಜಿ ಕೇಳಿಸಿಕೊಂಡು, ಕನ್ನಡ ಬಾರದಿದ್ದರೂ ಅರ್ಥ ಮಾಡಿಕೊಂಡು, ಒಂದು ವಾರ ನಕ್ಕಿದ್ದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮುದುಕಿಯ ಕಿವಿ ಬಲು ಚುರುಕು ಎಂದುಕೊಂಡು ಸುಮ್ಮನಾದೆ.

ಮಗಳು ಸುಧಾ ಕೊಯಮತ್ತೂರಿನಲ್ಲಿ ಕೆಲಸಕ್ಕೆ ಸೇರಿ, ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದಳು. ಅವರೂ ನಮ್ಮ ಹಾಗೆ ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದವರು, ಆದರೆ ಪಟ್ಟಣದವರು. ತಂದೆ ಆಡಿಟರು, ತಾಯಿ ಕಾಲೇಜಿನಲ್ಲಿ ಪಾಠ ಹೇಳುವವರು. ಹೆಣ್ಣು ನೋಡಲು ನಮ್ಮ ಮನೆಗೆ ಬಂದರೆ ಮಗ್ಗದ ಸದ್ದಿನಲ್ಲಿ ಮಾತೇ ಕೇಳಿಸದೆಂದು ಯಾರು ಹೇಳಿದರೋ, ಮೆಟ್ಟುಪಾಳ್ಯಂ ಆಚೆ ಬೆಟ್ಟದ ಬುಡದಲ್ಲಿ ಒಂದು ವಿಶ್ರಾಂತಿಧಾಮವಿದೆ, ಅಲ್ಲಿಯೇ ಪ್ರಶಾಂತವಾಗಿ ಸೇರೋಣ ಎಂದರು. ಹೊರಡುವ ಮುಂಚೆ ಸುಧಾ ನನ್ನ ಕೈ ಹಿಡಿದುಕೊಂಡಳು.

"ಅಪ್ಪಾ, ಅಲ್ಲಿ ಸತ್ತಂ ಹಾಕ್ಬೇಡ. ಮೆದುವಾಗಿ ಮಾತಾಡು. ಇದು ತಪ್ಪಿಹೋದ್ರೆ ನಾನು ಇನ್ಯಾರನ್ನೂ ಕಟ್ಕೊಳ್ಳೋದಿಲ್ಲ."

ಸತ್ತಂ ಎಂದರೆ ನಮ್ಮ ಮನೆಮಾತಿನಲ್ಲಿ ಗದ್ದಲ. ಹುಡುಗಿಯ ಕಣ್ಣಲ್ಲಿ ನೀರು ಕಂಡು, ಬಾಯಿ ಬಿಡುವುದಿಲ್ಲವೆಂದು ಕುಲದೇವಿಯ ಮೇಲೆ ಆಣೆ ಇಟ್ಟೆ.

ಅಲ್ಲಿ ಕಾರಿನಿಂದ ಇಳಿದ ಕೂಡಲೇ ನನಗೆ ಗಾಬರಿಯಾಯಿತು. ಸದ್ದೇ ಇಲ್ಲ. ಕಿವಿಯೇ ಹೋಯಿತೇನೋ ಎಂದು ಚಪ್ಪಾಳೆ ತಟ್ಟಿ ನೋಡಿಕೊಂಡೆ. ಕಾವಲುಗಾರ ಏನಾಯಿತೆಂದು ಓಡಿಬಂದ. ತೆಂಗಿನ ಗರಿ ಹೊದಿಸಿದ ಗುಡಿಸಲುಗಳು, ಗೋಡೆಯ ಬದಲು ಬಿದಿರು ತಟ್ಟಿ. ದುಡ್ಡು ಕೊಟ್ಟು ಗುಡಿಸಲಿನಲ್ಲಿ ಕೂರುವುದೂ ಒಂದು ಅಂತಸ್ತು ಎಂದು ನನಗೆ ಗೊತ್ತಾದದ್ದು ಅವತ್ತೇ. ಎದುರಿಗೆ ಕೊಳ. ಅದರಲ್ಲಿದ್ದ ಬಾತುಕೋಳಿಗಳು ಕೂಡ ಯಾರೋ ಗದರಿಸಿದವರ ಹಾಗೆ ಬಾಯಿ ಮುಚ್ಚಿಕೊಂಡು ತೇಲುತ್ತಿದ್ದವು. ಹುಡುಗನ ತಂದೆ ಎಷ್ಟು ಮೆಲ್ಲಗೆ ಮಾತಾಡಿದರೆಂದರೆ ನನಗೆ ಒಂದಕ್ಷರ ಕೇಳಿಸಲಿಲ್ಲ. ಎಲ್ಲದಕ್ಕೂ ತಲೆಯಾಡಿಸಿದೆ. ಯಾವುದಕ್ಕೆಲ್ಲ ಒಪ್ಪಿಕೊಂಡೆನೆಂದು ಇವತ್ತಿಗೂ ಪೂರ್ತಿ ತಿಳಿಯದು.

ಊಟಕ್ಕೆ ಮುಂಚೆ ಬೀಗರು ಕೈಕಾಲು ತೊಳೆಯಲು ಪಕ್ಕದ ಗುಡಿಸಲಿಗೆ ಹೋದರು. ಸುಧಾಳೂ ಹುಡುಗನೂ ಕೊಳದಾಚೆ ನಿಂತಿದ್ದರು. ಬೆಳಗಿನಿಂದ ಮಾತು ನುಂಗಿ ನುಂಗಿ ನನ್ನ ಹೊಟ್ಟೆ ಉಬ್ಬಿಹೋಗಿತ್ತು. ಬೇರೇನಲ್ಲ, ಬೀಗಿತ್ತಿ ಉಟ್ಟಿದ್ದ ಸೀರೆ ನನ್ನ ಕಣ್ಣು ಚುಚ್ಚುತ್ತಿತ್ತು. ರುಕ್ಮಿಣಿಯ ಕಿವಿಯ ಹತ್ತಿರ ಬಾಗಿ, ನನ್ನ ಬದುಕಿನಲ್ಲೇ ಅತಿ ಸಣ್ಣ ದನಿಯಲ್ಲಿ ಪಿಸುಗುಟ್ಟಿದೆ.

"ನೋಡಿದೆಯಾ ಆ ಸೀರೆ? ನೆಗಮಂ ಅಂತ ಹೇಳಿ ಯಾವನೋ ಚೆನ್ನಾಗಿ ಏಮಾರ್ಸಿದ್ದಾನೆ. ಅಂಚು ಕೋಣಲು ಮಾಣಲಾಗಿ ಹಾವಿನ ಹಾಗೆ ಓಡಿದೆ, ಸೆರಗಿನ ಹತ್ರ ನೂಲು ಎದ್ದಿದೆ. ನೆಯ್ದವನು ತೂಕಡಿಸ್ತಾ ನೆಯ್ದಿರ್ಬೇಕು. ಅಂಥವನನ್ನ ಮಗ್ಗದ ಹತ್ರ ಬಿಟ್ಟೋರಿಗೆ ಬುದ್ಧಿ ಇಲ್ಲ."

ಬಾತುಕೋಳಿಗಳು ದಡಬಡಿಸಿ ನೀರಿನಿಂದ ಎದ್ದವು. ಪಕ್ಕದ ಗುಡಿಸಲಿನಲ್ಲಿ ಚೊಂಬು ಬಿದ್ದ ಸದ್ದು. ಕೊಳದಾಚೆ ಸುಧಾ ತಲೆಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೇ ಕುಳಿತುಬಿಟ್ಟಳು. ರುಕ್ಮಿಣಿಯ ಮುಖ ಸುಣ್ಣದ ಹಾಗಾಗಿತ್ತು. ಮಗಳ ಬದುಕನ್ನು ಹೆತ್ತಪ್ಪನೇ ಹಾಳುಮಾಡಿದೆನಲ್ಲಾ ಎಂದುಕೊಂಡೆ.

ಬೀಗಿತ್ತಿ ಹೊರಗೆ ಬಂದರು. ಸೆರಗನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡುತ್ತ ನನ್ನೆದುರು ನಿಂತರು.

"ಅಣ್ಣಾ, ಇದು ದೀಪಾವಳಿಗೆ ಸುಧಾ ಕೊಟ್ಟ ಸೀರೆ. ಅಪ್ಪ ಕೈಯಾರೆ ನೆಯ್ದದ್ದು ಅಂದ್ಲು. ನಿಮಗೆ ಸಂತೋಷ ಆಗ್ಲಿ ಅಂತ ಉಟ್ಕೊಂಡು ಬಂದೆ."

ನನ್ನ ಕೈಕೆಲಸವೇ ನನಗೆ ಗುರುತು ಸಿಕ್ಕಿರಲಿಲ್ಲ. ಮಗ್ಗದಲ್ಲಿ ಕೂತವನ ಕಣ್ಣಿಗೆ ಬೀಳುವುದು ಎದುರಿಗಿರುವ ಒಂದು ಗೇಣು ಬಟ್ಟೆ ಮಾತ್ರ. ನೆಯ್ದದ್ದು ಸುತ್ತಿಕೊಂಡು ಹೋಗುತ್ತದೆ. ನನ್ನ ಸೀರೆಯನ್ನು ಯಾರಾದರೂ ಉಟ್ಟದ್ದನ್ನು ನಾನು ನೋಡಿದವನೇ ಅಲ್ಲ. ರುಕ್ಮಿಣಿ ಉಡುವುದು ಮಿಲ್ಲಿನ ನೈಲೆಕ್ಸ್ ಸೀರೆ. ಏಕೆಂದು ನಾನು ಎಂದೂ ಕೇಳಿರಲಿಲ್ಲ.

"ಕ್ಷಮಿಸಿ ತಂಗೀ" ಎಂದೆ. ಅದಾದರೂ ಮೆಲ್ಲಗೆ ಬಂತೋ ಇಲ್ಲವೋ. "ಹುಡುಗಿಗೆ ನನ್ನ ಬಾಯಿ ಬಂದಿಲ್ಲ. ಅವಳು ಒಳ್ಳೆಯವಳು."

ಆಕೆ ಕೊಳದಾಚೆ ಕುಳಿತಿದ್ದ ಸುಧಾಳನ್ನು ಒಂದು ಗಳಿಗೆ ನೋಡಿದರು.

"ಹುಡುಗಿ ನಮಗೆ ಬೇಕು ಅಣ್ಣಾ, ಅದು ಬೆಳಗ್ಗೆಯೇ ಮುಗಿದ ಮಾತು. ನೀವೂ ತಲೆ ಆಡ್ಸಿದ್ರಿ. ಮುಹೂರ್ತದ ಸೀರೆ ಮಾತ್ರ ಬೇರೆ ಯಾರ ಮಗ್ಗದಿಂದಾದ್ರೂ ತಗೊಳ್ಳೋಣ."

ಹಾಗೆಂದು ಊಟದ ಚಪ್ಪರದ ಕಡೆ ಹೊರಟರು. ನನಗೆ ಹೋದ ಜೀವ ಬಂದಂತಾಯಿತು. ಆಕೆ ದಾರಿಯ ತಿರುವು ದಾಟಿ ಮರೆಯಾಗುವ ತನಕ ಕಾದೆ. ಆಮೇಲೆ ರುಕ್ಮಿಣಿಯ ಕಿವಿಗೆ ಬಾಯಿಟ್ಟು, ಉಸಿರಿಗಿಂತ ಸಣ್ಣಗೆ, "ಹೆಂಗಸು ಗಟ್ಟಿಗಿತ್ತಿ" ಎಂದೆ.

"ಕೇಳಿಸ್ತು ಅಣ್ಣಾ" ಎಂದಿತು ತಿರುವಿನಾಚೆಯ ದನಿ.